ಎಂಟು ಜನರ ಮಾತು

ಈ ಕೋಣೆಯಲ್ಲಿ ನನ್ನೆದುರಿಗೆ ಒಂದು ಮೈಕು ಇದೆ. ಗೋಡೆಯ ಮೇಲೆ ಒಂದು ಗಡಿಯಾರವಿದೆ. ಗಾಜಿನ ಆಚೆ ಕುಳಿತಿರುವ ಮಹನೀಯರು ಆಗಾಗ ಕೈಸನ್ನೆ ಮಾಡುತ್ತಾರೆ. ಕೇಳುತ್ತಿರುವ ನೀವು ಮಾತ್ರ ನನಗೆ ಕಾಣಿಸುವುದಿಲ್ಲ. ನೀವು ಒಲೆಯ ಮುಂದೆ ಇದ್ದೀರೊ, ಪತ್ರಿಕೆ ಓದುತ್ತ ಅರೆಗಿವಿ ಕೊಟ್ಟಿದ್ದೀರೊ, ‘ಇದೇನು ಪುರಾಣ’ ಎಂದು ರೇಡಿಯೊದ ಕಿವಿ ತಿರುಪಿಬಿಟ್ಟಿರೊ, ತಿಳಿಯುವ ಮಾರ್ಗವಿಲ್ಲ. ಸಭೆಯಲ್ಲಿ ಮಾತನಾಡುವವರಿಗೆ ಈ ಕಷ್ಟವಿಲ್ಲ. ಮುಂದಿನ ಸಾಲಿನವರು ಆಕಳಿಸಿದರೆ ಮಾತನ್ನು ಮೊಟಕು ಮಾಡಬಹುದು. ಹಿಂದಿನ ಸಾಲಿನವರು ಎದ್ದು ಹೊರಟರೆ ಧ್ವನಿ ಏರಿಸಬಹುದು. ರೇಡಿಯೊದಲ್ಲಿ ಮಾತನಾಡುವವರದು ಆಳವಾದ ಬಾವಿಗೆ ಕಲ್ಲು ಹಾಕಿ, ಸದ್ದಿಗಾಗಿ ಕಿವಿಗೊಟ್ಟು ನಿಂತವರ ಪಾಡು.

ನಾನು ಇಂದು ಹೇಳಬೇಕೆಂದಿರುವ ವಿಷಯ ಹುಟ್ಟಿದ್ದು ಈ ಪಾಡಿನಿಂದಲೇ. ಅದಕ್ಕೆ ಫೋಕಸ್ ಗ್ರೂಪ್ ಎಂದು ಹೆಸರು. ಆರರಿಂದ ಹತ್ತು ಜನರನ್ನು ಒಂದೆಡೆ ಕೂಡಿಸಿ, ಒಂದೇ ವಿಷಯದ ಮೇಲೆ ಒಂದೂವರೆ ಗಂಟೆಯೊ ಎರಡು ಗಂಟೆಯೊ ಮಾತನಾಡಗೊಟ್ಟು, ಆ ಮಾತನ್ನು ಬರೆದುಕೊಂಡು, ಅದರಿಂದ ಜನರ ಮನಸ್ಸನ್ನು ಅರಿಯುವ ಸಂಶೋಧನೆಯ ಕ್ರಮ ಇದು. ಸಾಬೂನು ಮಾರುವವರು, ಚುನಾವಣೆಗೆ ನಿಲ್ಲುವವರು, ಆಸ್ಪತ್ರೆ ನಡೆಸುವವರು, ವಿಶ್ವವಿದ್ಯಾನಿಲಯದ ಪಂಡಿತರು ಎಲ್ಲರೂ ಇದನ್ನು ಬಳಸುತ್ತಾರೆ. ನಿಮ್ಮಲ್ಲಿ ಕೆಲವರ ಮನೆಗೂ ಯಾರಾದರೂ ಬಂದು, ‘ನಾಳೆ ಮಧ್ಯಾಹ್ನ ಒಂದು ಚರ್ಚೆ ಇದೆ, ಬನ್ನಿ, ಕಾಫಿ ತಿಂಡಿ ಉಂಟು’ ಎಂದು ಕರೆದಿರಬಹುದು. ಜಗಲಿಕಟ್ಟೆಯ ಹರಟೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಲು ಎಂಬತ್ತು ವರ್ಷಕ್ಕೂ ಹಿಂದಿನ ನ್ಯೂಯಾರ್ಕ್ ನಗರಕ್ಕೆ ಹೋಗಬೇಕು.

ಮನಶ್ಶಾಸ್ತ್ರಕ್ಕೂ ರೇಡಿಯೊಗೂ ಮೊದಲಿನಿಂದ ಏನೊ ಒಂದು ನಂಟು. ನಮ್ಮ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವೊಂದನ್ನು ಇಟ್ಟುಕೊಂಡು ‘ಆಕಾಶವಾಣಿ’ ಎಂಬ ನಿಲಯವನ್ನು ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ವಿಯೆನ್ನಾ ನಗರದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಪಾಲ್ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸರು ರೇಡಿಯೊ ಕೇಳುವವರ ಮನಸ್ಸನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. 1937ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಪ್ರಿನ್ಸ್‌ಟನ್ನಿನಲ್ಲಿ ಆರಂಭವಾದ ರೇಡಿಯೊ ಸಂಶೋಧನ ಕಚೇರಿ ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಬಂತು. ಲಾಜರ್ಸ್‌ಫೆಲ್ಡರು ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಎಣಿಕೆಯ ಮೇಲೆ ಅವರಿಗೆ ಪ್ರೀತಿ. ಫ್ರಾಂಕ್ ಸ್ಟಾಂಟನ್ ಎಂಬುವರೊಡನೆ ಸೇರಿ ಅವರು ಒಂದು ಯಂತ್ರವನ್ನೇ ಮಾಡಿಸಿದ್ದರು. ಕೇಳುಗರನ್ನು ಸ್ಟುಡಿಯೊದಲ್ಲಿ ಕೂಡಿಸಿ, ಒಬ್ಬೊಬ್ಬರ ಕೈಗೂ ಎರಡು ಗುಂಡಿಗಳನ್ನು ಕೊಡುವುದು. ಕಾರ್ಯಕ್ರಮ ಹಿಡಿಸಿದಾಗ ಹಸಿರು ಗುಂಡಿ, ಹಿಡಿಸದಿದ್ದಾಗ ಕೆಂಪು ಗುಂಡಿ ಒತ್ತಬೇಕು. ಯಾವ ನಿಮಿಷಕ್ಕೆ ಯಾರು ಯಾವುದನ್ನು ಒತ್ತಿದರು ಎಂಬುದು ಉರುಳುತ್ತಿರುವ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು.

1941ರ ನವೆಂಬರ್ ತಿಂಗಳಿನ ಒಂದು ಸಂಜೆ ಅವರು ತಮ್ಮ ಕಿರಿಯ ಸಹೋದ್ಯೋಗಿ ರಾಬರ್ಟ್ ಮರ್ಟನ್ನರನ್ನು ಪತ್ನೀಸಮೇತ ಊಟಕ್ಕೆ ಕರೆದಿದ್ದರು. ಅತಿಥಿಗಳು ಬಾಗಿಲಿಗೆ ಬಂದರೊ ಇಲ್ಲವೊ, ಲಾಜರ್ಸ್‌ಫೆಲ್ಡರು ಮರ್ಟನ್ನರಿಗೆ ಕೋಟು ತೆಗೆಯಲೂ ಬಿಡದೆ ಹೊರಡಿಸಿಕೊಂಡು ಸ್ಟುಡಿಯೊಗೆ ನಡೆದರು. ಜನರಲ್ಲಿ ಧೈರ್ಯ ತುಂಬಲು ಸರ್ಕಾರ ಮಾಡಿಸಿದ್ದ ಒಂದು ರೇಡಿಯೊ ಕಾರ್ಯಕ್ರಮವನ್ನು ಆ ಸಂಜೆಯೇ ಪರೀಕ್ಷಿಸಬೇಕಾಗಿತ್ತಂತೆ. ಹೆಂಗಸರಿಬ್ಬರೂ ಮನೆಯಲ್ಲಿ ತಾವೇ ಊಟ ಮಾಡಿಕೊಂಡರು. ಸಮಾಜಶಾಸ್ತ್ರದ ಚರಿತ್ರೆಯಲ್ಲಿ ಅವರು ಆ ರಾತ್ರಿ ಏನು ಮಾತನಾಡಿಕೊಂಡರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಸ್ಟುಡಿಯೊದಲ್ಲಿ ಜನ ಗುಂಡಿ ಒತ್ತಿದರು. ಅನಂತರ ಸಹಾಯಕನೊಬ್ಬ ಅವರನ್ನು ಪ್ರಶ್ನಿಸತೊಡಗಿದ: ಇಲ್ಲಿ ಕೆಂಪು ಏಕೆ ಒತ್ತಿದಿರಿ, ಅಲ್ಲಿ ಹಸಿರು ಏಕೆ ಒತ್ತಿದಿರಿ? ನೋಡುತ್ತ ಕುಳಿತ ಮರ್ಟನ್ನರಿಗೆ ಸಮಾಧಾನವಿಲ್ಲ. ಚೀಟಿಯ ಮೇಲೆ ಚೀಟಿ ಬರೆದು ಲಾಜರ್ಸ್‌ಫೆಲ್ಡರ ಕೈಗೆ ಜಾರಿಸಿದರು. ಈತ ತನಗೆ ಬೇಕಾದ ಉತ್ತರವನ್ನು ಜನರ ಬಾಯಲ್ಲಿ ಇಡುತ್ತಿದ್ದಾನೆ. ಯಾರೊ ಒಬ್ಬರು ಏನೊ ಹೇಳಹೊರಟರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಪ್ರಶ್ನೆಗೆ ಓಡುತ್ತಿದ್ದಾನೆ. ಅವರಿಗೆ ಆಗ ಅನ್ನಿಸಿದ್ದು ಏನೆಂಬುದು ಹೊರಕ್ಕೆ ಬರುತ್ತಲೇ ಇಲ್ಲ. ಇದು ಅವರ ಆಕ್ಷೇಪಣೆ. ಬಲ್ಲವರು ತಪ್ಪು ತೋರಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಮುಂದಿನ ಗುಂಪನ್ನು ನೀವೇ ಮಾತನಾಡಿಸಿ ಎಂದು ಲಾಜರ್ಸ್‌ಫೆಲ್ಡರು ಮರ್ಟನ್ನರನ್ನೇ ಕೂಡಿಸಿಬಿಟ್ಟರು. ಈ ವಿಧಾನದ ಮೊದಲ ಪಾಠ ನಡೆದದ್ದು ಹೀಗೆ. ಮರ್ಟನ್ನರು ಪೆಟ್ರೀಷಿಯಾ ಕೆಂಡಲ್ ಅವರೊಡನೆ 1946ರಲ್ಲಿ ಇದನ್ನು ಒಂದು ಲೇಖನವಾಗಿ ಬರೆದರು. ಅದು ಬೆಳೆದು 1956ರಲ್ಲಿ ಪುಸ್ತಕವಾಯಿತು. ಗುಂಪಿನಲ್ಲಿಯೇ ಆಗಲಿ, ಒಬ್ಬರೊಡನೆಯೇ ಆಗಲಿ, ಒಂದು ಗೊತ್ತಾದ ಅನುಭವದ ಮೇಲೆ ಮಾತನ್ನು ನಿಲ್ಲಿಸುವುದು ಅದರ ತಿರುಳು. ಜಗಲಿಯ ಹರಟೆ ಮಳೆಯಿಂದ ಮದುವೆಗೆ, ಮದುವೆಯಿಂದ ಮಂತ್ರಿಮಂಡಲಕ್ಕೆ ಹಾರುತ್ತದೆ. ಇಲ್ಲಿ ಮಾತು ಎತ್ತ ಹೋದರೂ ಗೂಟಕ್ಕೆ ಕಟ್ಟಿದ ಹಸುವಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬರಬೇಕು. ಹಗ್ಗ ಮಾತ್ರ ಉದ್ದವಾಗಿರಬೇಕು, ಅಷ್ಟೆ.

ಗುಂಡಿಯೊಂದೇ ಏಕೆ ಸಾಲದು ಎಂಬುದಕ್ಕೆ ಆ ಕಾಲದ ಒಂದು ನಿದರ್ಶನವನ್ನು ಕೊಡುತ್ತೇನೆ. ಲಾಜರ್ಸ್‌ಫೆಲ್ಡರೂ ಮರ್ಟನ್ನರೂ 1943ರಲ್ಲಿ ಅದನ್ನು ಪ್ರಕಟಿಸಿದರು. ವೈದ್ಯರ ಸಂಘವೊಂದು ಎಕ್ಸ್‌ರೇ ಬಗ್ಗೆ ರೇಡಿಯೊ ಭಾಷಣ ಮಾಡಿಸಿತು. ಪಳಗಿದ ತಜ್ಞರಲ್ಲಿಗೆ ಹೋಗಿ, ನಾಟಿ ಪಂಡಿತರ ಕೈಗೆ ಸಿಕ್ಕಬೇಡಿ ಎಂಬುದು ಭಾಷಣದ ಉದ್ದೇಶ. ಮಾತು ಸ್ಪಷ್ಟವಾಗಿತ್ತು, ಸದುದ್ದೇಶದ್ದೂ ಆಗಿತ್ತು. ಆದರೆ ಕೇಳಿದವರು ಭಾಷಣವನ್ನು ನಂಬದೆ ಹೋದರು. ಅವರನ್ನು ಬಿಡುವಾಗಿ ಮಾತನಾಡಿಸಿದಾಗ ಕಾರಣ ತಿಳಿಯಿತು. ಎಕ್ಸ್‌ರೇ ಯಂತ್ರದಲ್ಲೂ ಕಳ್ಳವೈದ್ಯರಿರುತ್ತಾರೆಂಬುದನ್ನು ಅವರು ಕೇಳಿಯೇ ಇರಲಿಲ್ಲ. ಅಷ್ಟು ಬೆಲೆಬಾಳುವ ಯಂತ್ರವನ್ನು ಬಲ್ಲವನಲ್ಲದವನಿಗೆ ಯಾರು ಮಾರುತ್ತಾರೆ ಎಂದು ಅವರು ತಮ್ಮಲ್ಲೇ ತರ್ಕ ಮಾಡಿಕೊಂಡು, ಎಚ್ಚರಿಕೆಯನ್ನೇ ಅನುಮಾನಿಸಿದರು. ಭಾಷಣಕಾರರು ಕೇಳುಗರಿಗೆ ಗೊತ್ತಿದೆ ಎಂದು ಎಣಿಸಿ ಒಂದು ಮೆಟ್ಟಿಲನ್ನು ಬಿಟ್ಟಿದ್ದರು. ಕೇಳುಗರು ಅಲ್ಲೇ ಎಡವಿದರು. ಇಂಥದನ್ನು ಕೆಂಪು ಗುಂಡಿ ಹೇಗೆ ಹೇಳೀತು? ಹಿಡಿಸಲಿಲ್ಲ ಎಂದಷ್ಟೇ ಅದು ಹೇಳಬಲ್ಲುದು. ರೇಡಿಯೊದಲ್ಲಿ ಆರೋಗ್ಯಭಾಷಣ ಮಾಡುವ ನನ್ನಂಥವರೆಲ್ಲ ಈ ಕಥೆಯನ್ನು ಮನೆಬಾಗಿಲಿಗೆ ಬರೆದು ಅಂಟಿಸಿಕೊಳ್ಳಬೇಕು.

ಯುದ್ಧಕಾಲದ ಇನ್ನೊಂದು ಪ್ರಸಂಗವೂ ಉಂಟು. 1943ರ ಸೆಪ್ಟೆಂಬರ್ 21ರಂದು ಕೇಟ್ ಸ್ಮಿತ್ ಎಂಬ ಗಾಯಕಿ ಬೆಳಗಿನಿಂದ ನಡುರಾತ್ರಿ ದಾಟುವವರೆಗೆ, ಹದಿನೆಂಟು ಗಂಟೆ ಕಾಲ, ಮತ್ತೆ ಮತ್ತೆ ರೇಡಿಯೊದಲ್ಲಿ ಬಂದು ಯುದ್ಧಸಾಲದ ಪತ್ರಗಳನ್ನು ಕೊಳ್ಳಿರೆಂದು ಜನರನ್ನು ಬೇಡಿದರು. ಒಂದೇ ದಿನದಲ್ಲಿ ಸುಮಾರು 3 ಕೋಟಿ 90 ಲಕ್ಷ ಡಾಲರುಗಳ ಪತ್ರಗಳಿಗೆ ಜನ ಮಾತು ಕೊಟ್ಟರು. ಮೊತ್ತವನ್ನು ಯಾವ ಗುಮಾಸ್ತನಾದರೂ ಕೂಡಿಸಬಹುದು. ಆಕೆಯ ಮಾತಿಗೆ ಅಷ್ಟು ಬಲ ಎಲ್ಲಿಂದ ಬಂತು? ಮರ್ಟನ್ನರ ತಂಡ ಕೇಳುಗರನ್ನು ಒಬ್ಬೊಬ್ಬರನ್ನಾಗಿ, ದೀರ್ಘವಾಗಿ ಮಾತನಾಡಿಸಿತು. ಆಕೆ ದಣಿಯುತ್ತಿದ್ದುದು ಧ್ವನಿಯಲ್ಲಿ ಕೇಳಿಸುತ್ತಿತ್ತು. ಆಕೆ ನಮಗಾಗಿ ಇಷ್ಟು ಸವೆಸುತ್ತಿರುವಾಗ ನಾವು ಸುಮ್ಮನಿರುವುದು ಹೇಗೆ ಎಂಬ ಋಣದ ಭಾವ ಜನರನ್ನು ಹಿಡಿದಿತ್ತು. ಆಡಿದ ಮಾತಿಗಿಂತ ಆಡುತ್ತ ಸವೆದ ಗಂಟಲು ಹೆಚ್ಚು ಕೆಲಸ ಮಾಡಿತ್ತು. ಮೊದಲೇ ಅಚ್ಚು ಹಾಕಿಸಿದ ಪ್ರಶ್ನಪತ್ರಿಕೆಯಲ್ಲಿ ಈ ಉತ್ತರಕ್ಕೆ ಮನೆಯೇ ಇರುವುದಿಲ್ಲ. ಉತ್ತರ ಏನೆಂದು ಮುಂಚೆಯೇ ಊಹಿಸಬಲ್ಲವರು ಮಾತ್ರ ಅದಕ್ಕೆ ಮನೆ ಬಿಟ್ಟಾರು.

ನಮ್ಮ ದೇಶದಲ್ಲೂ ರೇಡಿಯೊ ಸುತ್ತ ಜನರನ್ನು ಕೂಡಿಸಿ ಮಾತನಾಡಿಸಿದ್ದುಂಟು. 1956ರಲ್ಲಿ ಪುಣೆಯ ನಿಲಯದಿಂದ ರೈತರಿಗಾಗಿ ಇಪ್ಪತ್ತು ಕಾರ್ಯಕ್ರಮಗಳನ್ನು ಪ್ರಸಾರ ಮಾಡಿ, 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಏರ್ಪಡಿಸಿದರು. ಕೇಳಬೇಕು, ಕೇಳಿದ್ದನ್ನು ಚರ್ಚಿಸಬೇಕು. ಇದರ ಫಲವನ್ನು ಅಳೆದವರು ವಿಯೆನ್ನಾದಿಂದ ಬಂದು ಕೊಲಂಬಿಯಾದಲ್ಲಿ ಪಳಗಿದ ಪಾಲ್ ನಾಯ್ರಾಥ್. ಕೂಟವಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಎದ್ದುಕಾಣುವಷ್ಟು ಹೆಚ್ಚಿತ್ತು; ಕೂಟವಿಲ್ಲದ ಹಳ್ಳಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಇವು ಕಲಿಯಲು ಕೂಡಿದ ಗುಂಪುಗಳು, ಸಂಶೋಧನೆಗೆ ಕೂಡಿಸಿದವಲ್ಲ. ಆದರೂ ಒಂದು ವಿಷಯ ಎರಡಕ್ಕೂ ಸಮಾನ. ಒಬ್ಬರೇ ಕುಳಿತಾಗ ಬಾರದ ಮಾತು ಪಕ್ಕದವರ ಮಾತು ಕೇಳಿದಾಗ ಬರುತ್ತದೆ.

ಗುಂಪನ್ನು ಕೂಡಿಸುವುದೇ ಅರ್ಧ ಕೆಲಸ. ಪರಸ್ಪರ ಪರಿಚಯವಿಲ್ಲದವರಾದರೆ ಒಳ್ಳೆಯದು. ಸ್ಥಿತಿಗತಿಯಲ್ಲಿ ಸರಿಸಮಾನರಾಗಿರುವುದು ಇನ್ನೂ ಮುಖ್ಯ. ಸಾಹುಕಾರರನ್ನೂ ಅವರ ಒಕ್ಕಲನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರೆ ನಿಮಗೆ ಸಾಹುಕಾರರ ಅಭಿಪ್ರಾಯ ಎರಡು ಸಲ ಕೇಳಿಸುತ್ತದೆ. ಮಾತು ನಡೆಸುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು ಇರಬೇಕು. ನಡೆಸುವವರು ಕಡಮೆ ಮಾತನಾಡಬೇಕು. ‘ಏಕೆ?’ ಎಂಬ ಪ್ರಶ್ನೆಯನ್ನು ನೇರವಾಗಿ ಎಸೆಯಬಾರದೆಂದು ಪಳಗಿದವರು ಹೇಳುತ್ತಾರೆ. ನಮ್ಮ ಕಿವಿಗೆ ‘ಏಕೆ’ ಎಂಬುದು ಮೇಷ್ಟರ ಬೆತ್ತದಂತೆ ಕೇಳುತ್ತದೆ. ಜನ ಒಡನೆಯೇ ಒಂದು ನೆಪವನ್ನು ಹೊಲಿದು ಕೊಡುತ್ತಾರೆ. ಅದರ ಬದಲು, ಆ ದಿನ ಏನಾಯಿತು ಹೇಳಿ, ಆಮೇಲೇನಾಯಿತು ಎಂದು ಕೇಳಿದರೆ, ಕಾರಣ ಕಥೆಯ ಬೆನ್ನು ಹತ್ತಿ ತಾನೇ ಬರುತ್ತದೆ. ಹೆಚ್ಚು ಮಾತನಾಡುವವರು ಎಲ್ಲ ಗುಂಪಿನಲ್ಲೂ ಒಬ್ಬರಿರುತ್ತಾರೆ; ಅವರ ಕಡೆಗೆ ಕಣ್ಣು ಹಾಯಿಸದೆ ಮೂಲೆಯಲ್ಲಿ ಕುಳಿತವರನ್ನು ನೋಡುವುದು ಒಂದು ಉಪಾಯ. ಒಂದು ಗುಂಪಿನಿಂದ ಕೆಲಸ ಮುಗಿಯದು. ಅದೇ ಬಗೆಯ ಜನರ ಇನ್ನೊಂದು ಗುಂಪು, ಮತ್ತೊಂದು ಗುಂಪು, ಹೀಗೆ ಹೊಸ ಮಾತು ಹುಟ್ಟದಾಗುವವರೆಗೆ ಕೂಡಿಸುತ್ತ ಹೋಗಬೇಕು.

ಇವೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಓದಿಯೂ ಮುಗ್ಗರಿಸಿದ್ದನ್ನು ಹೇಳುತ್ತೇನೆ.

2011ರಲ್ಲಿ ಒಂದು ತಾಲ್ಲೂಕು ಊರಿನಲ್ಲಿ, ಮಕ್ಕಳಿಗೆ ಮೊದಲ ವರ್ಷದ ಚುಚ್ಚುಮದ್ದುಗಳನ್ನು ಹಾಕಿಸಿದ ತಾಯಂದಿರಲ್ಲಿ ಕೆಲವರು ಒಂದೂವರೆ ವರ್ಷಕ್ಕೆ ಹಾಕಿಸಬೇಕಾದದ್ದನ್ನು ಏಕೆ ಬಿಡುತ್ತಾರೆ ಎಂದು ತಿಳಿಯಲು ನನ್ನನ್ನು ಒಂದು ಕಚೇರಿಯವರು ಕಳಿಸಿದರು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ತಡೆಯುವ ಚುಚ್ಚುಮದ್ದು ಅದು. ಕಚೇರಿಯವರೇ ಜನರನ್ನು ಕೂಡಿಸಿದ್ದರು. ಸೊಸೆಯರ ಜೊತೆಗೆ ಅತ್ತೆಯರೂ ಬಂದಿದ್ದರು. ದಾದಿಯೊಬ್ಬರು ಮರ್ಯಾದೆಗೆಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಕಳಿಸಿಬಿಡಬೇಕೆಂದು ನನಗೆ ತೋಚಿತು, ಸಂಕೋಚಪಟ್ಟು ಸುಮ್ಮನಾದೆ. ಒಂದೂವರೆ ಗಂಟೆಯಲ್ಲಿ ನನಗೆ ಸಿಕ್ಕ ಉತ್ತರ ಒಂದೇ: ‘ಮರೆತುಹೋಯಿತು.’ ಅತ್ತೆಯರು ಹಾಗೆಂದರು, ಸೊಸೆಯರು ಗೋಣು ಆಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ, ತಾಯಂದಿರಿಗೆ ನೆನಪಿನ ಚೀಟಿ ಕಳಿಸಿರಿ ಎಂದು ವರದಿ ಬರೆದು ಬಸ್ಸು ಹತ್ತುತ್ತಿದ್ದೆ.

ಮರುದಿನ ಒಬ್ಬರ ಹಿತ್ತಲಿನಲ್ಲಿ ಬೇರೆ ಎಂಟು ಮಂದಿ ಸೊಸೆಯರನ್ನಷ್ಟೇ ಕೂಡಿಸಿದೆ. ಮೊದಲ ಅರ್ಧ ಗಂಟೆ ಅಲ್ಲೂ ‘ಮರೆತುಹೋಯಿತು’ ಎಂಬುದೇ ರಾಗ. ಕೊನೆಗೆ ನಾನು ಚುಚ್ಚುಮದ್ದಿನ ಮಾತು ಬಿಟ್ಟು, ಹಿಂದಿನ ಸಲ ಹಾಕಿಸಿಕೊಂಡು ಬಂದ ರಾತ್ರಿ ಮನೆಯಲ್ಲಿ ಏನಾಯಿತು ಹೇಳಿ ಎಂದೆ. ತುಳಸಿಕಟ್ಟೆಗೆ ಒರಗಿ ಕುಳಿತಿದ್ದ, ಅದುವರೆಗೆ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಹೇಳಿದಳು. ಮಗುವಿಗೆ ಜ್ವರ ಬಂತು. ತೊಡೆ ಬಾತು ರಾತ್ರಿಯೆಲ್ಲ ಅತ್ತಿತು. ಜ್ವರ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಚೆನ್ನಾಗಿದ್ದ ಮಗುವನ್ನು ಕರೆದುಕೊಂಡು ಹೋಗಿ ಕಾಯಿಲೆ ಹಚ್ಚಿಸಿಕೊಂಡು ಬಂದೆ ಎಂದು ಅತ್ತೆ ಅಂದರು. ನಿದ್ದೆಗೆಟ್ಟ ಗಂಡ ಮರುದಿನ ಕೂಲಿಗೆ ಹೋಗಲಿಲ್ಲ. ಮುಂದಿನ ಸಲದ ದಿನ ಹತ್ತಿರ ಬಂದಾಗ ಅವಳು ಆ ಹಳದಿ ಕಾರ್ಡನ್ನು ಅಕ್ಕಿಡಬ್ಬಿಯ ಕೆಳಗೆ ಇಟ್ಟು, ಕೇಳಿದವರಿಗೆ ಕಳೆದುಹೋಯಿತು ಎಂದಳು.

ಅವಳು ಮಾತು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ‘ನಮ್ಮನೇಲೂ ಹಿಂಗೇ ಆತು’ ಎಂದು ಒಬ್ಬಾಕೆ. ‘ನಾನೂ ಹೇಳಿಲ್ಲ ಕಣಕ್ಕ’ ಎಂದು ಇನ್ನೊಬ್ಬಾಕೆ. ಎಂಟರಲ್ಲಿ ಐವರು ಹಾಗೆಂದರು. ಮರೆವು ಎಂಬುದು ಮನೆಯ ಮಾನ ಕಾಯುವ ಮಾತಾಗಿತ್ತು. ಚುಚ್ಚುಮದ್ದು ಹಾಕುವಾಗ, ಈ ರಾತ್ರಿ ಜ್ವರ ಬರಬಹುದು, ಹೆದರಬೇಡಿ, ಹೀಗೆ ಮಾಡಿ ಎಂದು ಹೇಳುವ ಎರಡು ಮಾತು, ಅದೂ ಅತ್ತೆಗೆ ಕೇಳಿಸುವಂತೆ ಹೇಳುವ ಎರಡು ಮಾತು, ಆ ಊರಿನಲ್ಲಿ ಬೇಕಾಗಿತ್ತು.

ವರದಿ ಬರೆದುಕೊಟ್ಟೆ. ಕಚೇರಿಯ ಅಧಿಕಾರಿಗಳು ಓದಿ ಸಂತೋಷಪಟ್ಟರು. ಬಳಿಕ, ‘ಇದು ನೂರಕ್ಕೆ ಎಷ್ಟು?’ ಎಂದು ಕೇಳಿದರು. ಎಂಟು ಜನರಲ್ಲಿ ನೂರಕ್ಕೆ ಎಷ್ಟೆಂದು ಹೇಳುವುದು ಸರಿಯಲ್ಲ ಎಂದೆ. ಐವರು ಎಂದು ಬರೆದಿದ್ದೀರಲ್ಲ ಎಂದರು. ತಿಂಗಳ ಮೇಲೆ ಅಚ್ಚಾಗಿ ಬಂದ ಪುಸ್ತಿಕೆಯಲ್ಲಿ, ‘ನೂರಕ್ಕೆ 62.5ರಷ್ಟು ತಾಯಂದಿರು ಜ್ವರದ ಭಯದಿಂದ ಚುಚ್ಚುಮದ್ದು ನಿರಾಕರಿಸುತ್ತಾರೆ’ ಎಂದಿತ್ತು. ಆ ಅರ್ಧದ ಗಾಂಭೀರ್ಯವನ್ನು ನೋಡಿ ನನಗೆ ನಗು ಬಂತು, ನಾಚಿಕೆಯೂ ಆಯಿತು. ತಾಲ್ಲೂಕಿನ ಎಲ್ಲ ತಾಯಂದಿರ ಲೆಕ್ಕವನ್ನು ಒಂದು ಹಿತ್ತಲಿನಿಂದ ತೆಗೆದುಬಿಟ್ಟಿದ್ದರು. ತುಳಸಿಕಟ್ಟೆಗೆ ಒರಗಿದ್ದ ಆ ಹುಡುಗಿ ಹೇಳಿದ ಅತ್ತೆಯ ಮಾತು, ಗಂಡನ ಕೂಲಿ, ಅಕ್ಕಿಡಬ್ಬಿ, ಯಾವುದೂ ಪುಸ್ತಿಕೆಯಲ್ಲಿ ಇರಲಿಲ್ಲ. ಐವರು ಎಂಬ ಸಂಖ್ಯೆಯನ್ನು ನಾನು ಬರೆಯದೆ ಇದ್ದಿದ್ದರೆ ಆಗುತ್ತಿತ್ತು. ಆಮೇಲೆ ಯಾವ ವರದಿಯಲ್ಲೂ ಬರೆದಿಲ್ಲ.

ಈ ತಪ್ಪು ನಮ್ಮಲ್ಲಿ ಮಾತ್ರ ಆಗುವುದಲ್ಲ. ತಮ್ಮ ಕೂಸು ಮಾರುಕಟ್ಟೆಯವರ ಕೈಗೆ ಸಿಕ್ಕು ಏನಾಯಿತೆಂದು ಮರ್ಟನ್ನರು 1987ರಲ್ಲಿ ಒಂದು ಲೇಖನ ಬರೆದರು. ಗುಂಪಿನ ಮಾತಿನಿಂದ ಹೊಸ ಊಹೆಗಳು ಹುಟ್ಟಬೇಕು. ಆ ಊಹೆ ಎಷ್ಟು ಮಂದಿಗೆ, ಯಾವ ಬಗೆಯ ಜನರಿಗೆ ಅನ್ವಯಿಸುತ್ತದೆ ಎಂಬುದನ್ನು ಬೇರೆ ಎಣಿಕೆಯಿಂದಲೇ ಪರೀಕ್ಷಿಸಬೇಕು ಎಂಬುದು ಅವರ ನಿಲುವು. 2003ರಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಫೋಕಸ್ ಗ್ರೂಪಿನ ಜನಕ ಎಂದು ಹೊಗಳುವವರಿದ್ದರು. ಆ ಬಿರುದನ್ನು ಅವರು ಅಷ್ಟೇನೂ ಉತ್ಸಾಹದಿಂದ ಹೊತ್ತುಕೊಳ್ಳಲಿಲ್ಲ.

ಎಣಿಕೆಯೊಂದನ್ನೇ ನಂಬಿ ಕೆಟ್ಟವರೂ ಇದ್ದಾರೆ. 1985ರಲ್ಲಿ ಕೋಕಾಕೋಲಾ ಕಂಪನಿ ತನ್ನ ಪಾನೀಯದ ರುಚಿಯನ್ನೇ ಬದಲಾಯಿಸಿತು. ಅದಕ್ಕೆ ಮುಂಚೆ ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿದ್ದರು; ಹೊಸ ರುಚಿಯೇ ಗೆದ್ದಿತ್ತು. ಆದರೆ ಗುಂಪುಗಳಲ್ಲಿ ಕೂಡಿಸಿ ಮಾತನಾಡಿಸಿದಾಗ ಬೇರೊಂದು ಕಂಡಿತ್ತು. ಹಳೆಯದನ್ನು ತೆಗೆದುಹಾಕುತ್ತಾರೆಂದರೆ ಕೆಲವರು ಕೆರಳುತ್ತಿದ್ದರು. ಅವರ ಸಿಟ್ಟು ಪಕ್ಕದವರಿಗೂ ಹತ್ತಿಕೊಳ್ಳುತ್ತಿತ್ತು. ಕಂಪನಿಯವರು ದೊಡ್ಡ ಸಂಖ್ಯೆಯನ್ನೇ ನೆಚ್ಚಿದರು. ಏಪ್ರಿಲ್‌ನಲ್ಲಿ ಬಂದ ಹೊಸ ರುಚಿಗೆ ಎದ್ದ ಗದ್ದಲ ತಾಳಲಾರದೆ ಜುಲೈ ತಿಂಗಳಲ್ಲಿ ಹಳೆಯದನ್ನು ಮರಳಿ ತಂದರು. ರುಚಿ ಒಬ್ಬರ ನಾಲಗೆಯ ವಿಷಯ. ಸಿಟ್ಟು ನಾಲ್ಕು ಜನ ಕೂಡಿದಾಗ ಬೆಳೆಯುವ ವಸ್ತು. ಒಬ್ಬೊಬ್ಬರನ್ನೇ ಕೇಳಿದರೆ ಅದು ಕಾಣಿಸಿಕೊಳ್ಳುವುದಿಲ್ಲ.

ಹಾಗೆಂದು ಗುಂಪೇ ಸರ್ವಕ್ಕೂ ಮದ್ದು ಎನ್ನುವಂತಿಲ್ಲ. ಸಾಲ, ಕುಡಿತ, ಹೊಡೆತ, ನಾಚಿಕೆಯ ಕಾಯಿಲೆ ಮೊದಲಾದವನ್ನು ನಾಲ್ವರ ನಡುವೆ ಹೇಳಿಸುವುದು ಕ್ರೌರ್ಯ. ಅಲ್ಲಿ ಒಬ್ಬರೊಡನೆ ಒಬ್ಬರು ಕುಳಿತು ಕೇಳುವುದೇ ಸರಿ.

ಇನ್ನು ನಿಮ್ಮ ಮನೆಗೆ ಕರೆಯಲು ಬರುವವರ ವಿಷಯ. ಹೋಗಲೇಬೇಕೆಂಬ ನಿರ್ಬಂಧವಿಲ್ಲ, ಹೋಗಿ ಕುಳಿತ ಮೇಲೂ ಎದ್ದು ಬರಬಹುದು. ಯಾರಿಗಾಗಿ ಈ ವಿಚಾರಣೆ, ಮಾತನ್ನು ಯಂತ್ರದಲ್ಲಿ ಹಿಡಿದರೆ ಅದನ್ನು ಯಾರು ಕೇಳುತ್ತಾರೆ, ಕೆಲಸವಾದ ಮೇಲೆ ಅಳಿಸುತ್ತಾರೊ ಇಲ್ಲವೊ, ಇವನ್ನು ಮೊದಲೇ ಕೇಳಿ. ಹೆಸರು ಹೊರಗೆ ಬಾರದು ಎಂದು ನಡೆಸುವವರು ಮಾತು ಕೊಡುತ್ತಾರೆ. ಪ್ರಾಮಾಣಿಕರಾದರೆ ನಡೆಸಿಯೂ ಕೊಡುತ್ತಾರೆ. ಆದರೆ ಅವರು ತಮ್ಮ ಬಾಯಿಗೆ ಮಾತ್ರ ಹೊಣೆಯಾಗಬಲ್ಲರು. ನಿಮ್ಮ ಎಡಬಲದಲ್ಲಿ ಕುಳಿತ ಏಳು ಜನ ಸಂಜೆ ನಲ್ಲಿಯ ಬಳಿ ಏನು ಹೇಳುತ್ತಾರೆಂಬುದು ಅವರ ಕೈಯಲ್ಲಿಲ್ಲ. ಆ ಹಿತ್ತಲಿನಿಂದ ಏಳುವಾಗ ನಾನು ಎಂಟು ಮಂದಿಯನ್ನೂ ನಿಲ್ಲಿಸಿ, ಅಕ್ಕಿಡಬ್ಬಿಯ ಮಾತು ಇಲ್ಲೇ ಇರಲಿ ಎಂದು ಬೇಡಿಕೊಂಡೆ. ಹೂಂ ಎಂದರು. ಆ ಹುಡುಗಿ ಏನೂ ಅನ್ನದೆ, ಸೆರಗನ್ನು ಸರಿಪಡಿಸಿಕೊಂಡು, ಅಡ್ಡದಾರಿಯಲ್ಲಿ ಬೇಗ ಬೇಗ ಮನೆಗೆ ನಡೆದಳು.